ನಳಿಗೆಯ ಮುದ್ರೆ ಓದಿದರೆ ಸಾಲದು, ಗೂಡು ಅಳೆಯಬೇಕು

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರು ಬೆಳೆ ಕಾಯುವ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಆ ತಾಪತ್ರಯ ನಿಮ್ಮ ಓದುಗರಿಗೆ ಹೊಸತಲ್ಲ. ಈ ಪತ್ರ ಇನ್ನೊಂದು ಬಗೆಯ ಆಯುಧದ ಕುರಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ, ಒಣಗಿ ಬಿರಿದ ಚರ್ಮದ ಚೀಲದಲ್ಲಿ ಉಳಿದುಕೊಂಡು ಅಜ್ಜನಿಂದ ಮೊಮ್ಮಗನ ಹೆಸರಿಗೆ ಬರುವ ಸೈನ್ಯದ ಹಳೆಯ ರಿವಾಲ್ವರ್ ಅದು. ಅಂಥದ್ದರ ಕಾಗದದಲ್ಲಿ ಬೋರ್ (ಅಂಗುಲದಲ್ಲಿ ನಳಿಗೆಯ ಒಳಗಲ) ಎಂಬಲ್ಲಿ .455 ಎಂದೋ .38 ಎಂದೋ ಬರೆದಿದ್ದರೆ ಆ ಅಂಕಿ ಬಹುಮಟ್ಟಿಗೆ ನಳಿಗೆಯ ಮುದ್ರೆ ನೋಡಿ ಬರೆದದ್ದು. ಆದರೆ ಮುದ್ರೆ ಹೇಳುವುದು ರಿವಾಲ್ವರ್ ಕಾರ್ಖಾನೆಯಿಂದ ಹೊರಟ ದಿನದ ಸಂಗತಿಯನ್ನು. ತೋಟೆ ಕೂರುವುದು ಸಿಲಿಂಡರಿನ ಗೂಡಿನಲ್ಲಿ. ಆ ಗೂಡನ್ನು ನಂತರ ಯಾರಾದರೂ ಕೊರೆದಿದ್ದರೆ, ಉಜ್ಜಿದ್ದರೆ, ಒಳಗೆ ಕೊಳವೆ ತುರುಕಿದ್ದರೆ ನಳಿಗೆಗೆ ಅದರ ಸುದ್ದಿಯೇ ಇರುವುದಿಲ್ಲ.

ಇಂಥ ಮಾರ್ಪಾಟು ಅಪರೂಪದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯದ ಹೆಚ್ಚುವರಿ ರಿವಾಲ್ವರುಗಳು ವ್ಯಾಪಾರಿಗಳ ಕೈಗೆ ಹೋದವು. ಅವುಗಳ ಮೂಲ ತೋಟೆ ಸಿಗದ ಊರುಗಳಲ್ಲಿ, ಸಿಗುವ ತೋಟೆಗೆ ಹೊಂದುವಂತೆ ಗೂಡನ್ನೇ ಬದಲಿಸಿದರು. ಹತ್ತಾರು ಕೈ ದಾಟಿದ ಆಯುಧ ಎಲ್ಲೆಲ್ಲಿ ಸುತ್ತಿ ಬಂದಿದೆ ಎಂಬುದನ್ನು ಕಾಗದ ಹೇಳುವುದಿಲ್ಲ, ಕಬ್ಬಿಣ ಹೇಳುತ್ತದೆ.

ಅಳತೆಗೆ ಕೂರುವ ಮೊದಲು ಎರಡು ಮಾತು. ಮೊದಲನೆಯದು, ಆರೂ ಗೂಡು ಖಾಲಿಯೇ ಎಂದು ನೋಡುವುದು. ವೆಬ್ಲಿ ಎಂಬ ಬ್ರಿಟಿಷ್ ರಿವಾಲ್ವರಾದರೆ ಎಡಬದಿಯ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆ ಬಾಗಿಸಿದರೆ ಸಿಲಿಂಡರ್ ತೆರೆದುಕೊಳ್ಳುತ್ತದೆ. ಪ್ರತಿ ಗೂಡಿನಲ್ಲೂ ಆಚೆಯ ಬೆಳಕು ಕಾಣಬೇಕು. ಹಸಿರುಗಟ್ಟಿದ ಹಳೆಯ ತೋಟೆ ಒಳಗೇ ಕಚ್ಚಿಕೊಂಡಿದ್ದರೆ ಮೊಳೆ, ಸ್ಕ್ರೂಡ್ರೈವರ್ ಹಾಕಿ ಎಬ್ಬಬಾರದು. ಹಾಗೇ ಬಿಟ್ಟು, ಅಧಿಕೃತ ಆಯುಧ ವ್ಯಾಪಾರಿಗೋ ಪೊಲೀಸ್ ಇಲಾಖೆಯ ಆಯುಧ ದುರಸ್ತಿಗಾರನಾದ ಆರ್ಮರರ್‌ಗೋ ಒಪ್ಪಿಸಬೇಕು. ಎರಡನೆಯದು, ಗೂಡನ್ನು ಅಳೆಯಲು ನಿಜವಾದ ತೋಟೆ ತರಬಾರದು. ಪರವಾನಗಿಯಲ್ಲಿಲ್ಲದ ತೋಟೆ ಕೈಯಲ್ಲಿರುವುದೇ ಅಪರಾಧ. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಹಿತ್ತಾಳೆಯ ಸರಳುಗಳನ್ನು ತಿರುವಿಸಿಕೊಂಡರೆ ಸಾಕು: 9.60, 9.75 ಮತ್ತು 12.00 ಮಿ.ಮೀ. ದಪ್ಪದ ಮೂರು ಸರಳು, ತಲಾ ಎರಡೂವರೆ ಅಂಗುಲ ಉದ್ದ, ತುದಿ ಚಪ್ಪಟೆ, ಅಂಚಿನ ಮುಳ್ಳು ತೆಗೆದಿರಬೇಕು. ಇವುಗಳ ಜೊತೆ ಆಳ ಅಳೆಯುವ ಕಡ್ಡಿಯಿರುವ 0.02 ಮಿ.ಮೀ.ಯ ವರ್ನಿಯರ್, ಹತ್ತು ಪಟ್ಟಿನ ಮಸೂರ, ಒಂದು ಸಣ್ಣ ಟಾರ್ಚ್. ವರ್ನಿಯರ್‌ನ ಒಳದವಡೆ ಇಂಥ ಸಣ್ಣ ದುಂಡು ತೂತಿನಲ್ಲಿ ಯಾವಾಗಲೂ ಕೂದಲೆಳೆ ಕಡಿಮೆ ತೋರಿಸುತ್ತದೆ, ದವಡೆಯ ಅಂಚು ಚಪ್ಪಟೆಯಾಗಿರುವುದೇ ಕಾರಣ. ಆದ್ದರಿಂದ ವ್ಯಾಸಕ್ಕೆ ಸರಳು, ಆಳಕ್ಕೆ ವರ್ನಿಯರ್ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಕರಾವಳಿಗೆ ವಿಶೇಷವಾದ ತೊಡಕೊಂದಿದೆ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಯಲ್ಲಿ, ಘಟ್ಟದ ಮೇಲಿನ ನಾಲ್ಕು ತಿಂಗಳ ಮಳೆಯ ತೇವದಲ್ಲಿ ಗೂಡಿನ ಒಳಮೈ ತುಕ್ಕು ಹಿಡಿದಿರುತ್ತದೆ. ತುಕ್ಕು ಬಾರದಿರಲೆಂದು ಹಿಂದಿನವರು ಸವರಿದ ಎಣ್ಣೆ ವರ್ಷಗಳು ಕಳೆದಂತೆ ಅಂಟಾಗಿ, ಆಮೇಲೆ ಅರಗಿನಂತೆ ಗಟ್ಟಿಯಾಗಿರುತ್ತದೆ. ಗೂಡಿನ ಅಗಲ ಬದಲಾಗುವಲ್ಲಿ ಒಂದು ಮೆಟ್ಟಿಲಿರುತ್ತದೆ; ಈ ಪದರವು, ಇಲ್ಲದ ಮೆಟ್ಟಿಲನ್ನು ಇದ್ದಂತೆ ತೋರಿಸುತ್ತದೆ, ಇರುವ ಮೆಟ್ಟಿಲನ್ನು ಮುಚ್ಚಿಬಿಡುತ್ತದೆ. ಗಿಡ್ಡ ತೋಟೆಯನ್ನು ಉದ್ದ ಗೂಡಿನಲ್ಲಿ ತುಂಬ ಸಲ ಹಾರಿಸಿದ್ದರೂ ತೋಟೆಯ ಬಾಯಿ ಬರುವ ಜಾಗದಲ್ಲಿ ಮಸಿ, ಸೀಸ ಸೇರಿ ಒಂದು ಬಳೆ ಕಟ್ಟಿಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಕಂಚಿನ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದ ಮೇಲಷ್ಟೇ ಅಳೆಯಬೇಕು. ಮರಳುಕಾಗದ ಮುಟ್ಟಿಸಬಾರದು; ಲೇತಿನ ಗೀರು, ರೀಮರ್ ಎಂಬ ತೂತು ಕೊರೆಯುವ ಉಪಕರಣದ ಗೀರು ಅಳಿಸಿಹೋದರೆ ಓದಲು ಉಳಿಯುವುದು ಏನೂ ಇಲ್ಲ. ಚರ್ಮದ ಚೀಲದಿಂದ ಹೊರತೆಗೆದ ಆಯುಧವನ್ನು ಮತ್ತೆ ಅದೇ ಚೀಲಕ್ಕೆ ಹಾಕಲೂಬಾರದು. ಚರ್ಮ ನೀರು ಹೀರಿಟ್ಟುಕೊಂಡು ಕಬ್ಬಿಣವನ್ನು ತಿನ್ನಿಸುತ್ತದೆ.

ಈಗ ವೆಬ್ಲಿ. 1887ರಲ್ಲಿ ಬ್ರಿಟಿಷ್ ಸೈನ್ಯ ಇದರ ಮೊದಲ ಮಾದರಿಯನ್ನು ಒಪ್ಪಿಕೊಂಡಿತು; ಹೆಚ್ಚು ಕಾಣಸಿಗುವುದು 1915ರ ಆರನೇ ಮಾರ್ಕ್ (ಆವೃತ್ತಿ), ಆರು ಅಂಗುಲದ ನಳಿಗೆ, ಚೌಕ ಹಿಡಿಯದ್ದು. ಹಿಂದಿನ ಮಾರ್ಕುಗಳ ಹಿಡಿ ಹಕ್ಕಿಯ ಕೊಕ್ಕಿನಂತೆ ಬಾಗಿರುತ್ತದೆ. ಇದರ ತೋಟೆ .455, ಬುಡದಲ್ಲಿ ಹೊರಚಾಚಿದ ಅಂಚಿರುವುದು, ಅಂಚಿನ ದಪ್ಪ ಸುಮಾರು ಒಂದು ಮಿ.ಮೀ. ಅಮೆರಿಕದಲ್ಲಿ ಈ ತೋಟೆ ದುರ್ಲಭ, .45 ಎಸಿಪಿ ಎಂಬ ಪಿಸ್ತೂಲಿನ ತೋಟೆ ಧಾರಾಳ. ಅದಕ್ಕೆ ಅಂಚಿಲ್ಲ. ಹಾಗಾಗಿ ಅರ್ಧಚಂದ್ರದ ತಗಡಿನ ಕ್ಲಿಪ್ಪಿಗೆ ಮೂರು ಮೂರು ತೋಟೆ ಸಿಕ್ಕಿಸಿ ಹಾಕುತ್ತಾರೆ, ಇಲ್ಲವೇ 1920ರಲ್ಲಿ ಬಂದ, ದಪ್ಪ ಅಂಚಿನ ಆಟೋ ರಿಮ್ ತೋಟೆ ಬಳಸುತ್ತಾರೆ. ಎರಡಕ್ಕೂ ಸಿಲಿಂಡರಿನ ಹಿಂದೆ ಸುಮಾರು 2.3 ಮಿ.ಮೀ. ಜಾಗ ಬೇಕು. ಒಂದು ಮಿ.ಮೀ.ಯ ಅಂಚಿಗೆಂದು ಮಾಡಿದ ಸಿಲಿಂಡರಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಸಿಲಿಂಡರಿನ ಹಿಂಬದಿಯನ್ನೇ ಲೇತಿಗೆ ಕಟ್ಟಿ ಅಷ್ಟು ಲೋಹ ಕೆರೆದು ತೆಗೆದರು.

ಇದರ ಗುರುತು ನಾಲ್ಕು ಕಡೆ ಸಿಗುತ್ತದೆ. ರಿವಾಲ್ವರನ್ನು ಮುಚ್ಚಿ ಬದಿಯಿಂದ ಬೆಳಕಿಗೆ ಹಿಡಿದರೆ ಸಿಲಿಂಡರಿನ ಹಿಂಬದಿಗೂ ಚೌಕಟ್ಟಿನ ಗೋಡೆಗೂ ನಡುವೆ ಸಂದು ಕಾಣುತ್ತದೆ. ಫೀಲರ್ ಗೇಜಿನ ಹಾಳೆಗಳನ್ನು ಜೋಡಿಸಿ ತೂರಿಸಿದಾಗ ಸಂದು ಒಂದೂವರೆ ಮಿ.ಮೀ. ಒಳಗಿದ್ದರೆ ಮೂಲದ್ದು, ಎರಡೂಕಾಲು ದಾಟಿದರೆ ಕೆರೆದದ್ದು. ಎರಡನೆಯದಾಗಿ, ಸಿಲಿಂಡರಿನ ಹೊರಮೈಯಲ್ಲಿ ಹಿಂದಿನ ಅಂಚಿಗೆ ಹೊಂದಿ ಕ್ರಮಸಂಖ್ಯೆ ಹೊಡೆದಿದ್ದರೆ, ಕೆರೆದಾಗ ಆ ಅಂಕಿಗಳ ಒಂದು ಭಾಗವೂ ಕತ್ತರಿಸಿಹೋಗಿರುತ್ತದೆ. ಅರ್ಧ ಕತ್ತರಿಸಿದ ಅಂಕಿ ಕಂಡರೆ ಅಷ್ಟಕ್ಕೇ ತೀರ್ಪು ಕೊಡಬಹುದು. ಮೂರನೆಯದು, ಸಿಲಿಂಡರನ್ನು ತಿರುಗಿಸುವ ನಡುವಿನ ಹಲ್ಲುಚಕ್ರ. ಅದನ್ನು ಕೆರೆಯುವಂತಿಲ್ಲ, ಕೆರೆದರೆ ಸಿಲಿಂಡರ್ ತಿರುಗುವುದೇ ಇಲ್ಲ. ಆದ್ದರಿಂದ ಅದೊಂದು ಎತ್ತರದಲ್ಲಿ ಉಳಿದು ಸುತ್ತಲಿನ ಮೈ ತಗ್ಗಿರುತ್ತದೆ, ದೇವಸ್ಥಾನದ ಕಟ್ಟೆಯ ನಡುವಿನ ಕಲ್ಲಿನ ಹಾಗೆ. ಮಸೂರ ಹಿಡಿದರೆ ಅಲ್ಲಿ ಲೇತಿನ ಸುತ್ತುಗೆರೆಗಳೂ ಕಾಣುತ್ತವೆ. ನಾಲ್ಕನೆಯದು ಬಣ್ಣ: ಉಳಿದೆಡೆ ಹಳೆಯ ಕಪ್ಪುನೀಲಿ, ಹಿಂಬದಿ ಮಾತ್ರ ಬಿಳಿ ಅಥವಾ ಹೊಸ ಕಪ್ಪು.

ಕೆರೆದ ವೆಬ್ಲಿಯಿಂದ ಅಪಾಯ ಎರಡು ಬಗೆಯದು. ಮೂಲದ .455 ತೋಟೆಯ ಒತ್ತಡ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್. .45 ಎಸಿಪಿಯ ಗರಿಷ್ಠ ಮಿತಿ 21,000. ಮೇಲೆ ತೆರೆಯುವ, ಒಂದು ತಿರುಗಣಿ ಮತ್ತು ಒಂದು ಚಿಲಕದ ಮೇಲೆ ನಿಂತ ಚೌಕಟ್ಟು ಅಷ್ಟನ್ನು ತಾಳಲು ಮಾಡಿದ್ದಲ್ಲ. ಮೊದಲು ಚಿಲಕ ಸಡಿಲವಾಗುತ್ತದೆ, ತಿರುಗಣಿ ಅಲ್ಲಾಡುತ್ತದೆ. ಸಿಲಿಂಡರನ್ನು ತಡೆದು ನಿಲ್ಲಿಸುವ ಕಚ್ಚು ಗೂಡಿನ ಮೇಲೆಯೇ ಬರುವ ಕಡೆ ಗೋಡೆ ತೆಳು, ಬಿರುಕು ಬಿಡುವುದು ಅಲ್ಲಿಂದ. ಇನ್ನೊಂದು ಅಪಾಯ ಕಾಗದ ನಂಬುವವನಿಗೆ. ಕಾಗದದಲ್ಲಿ .455 ಎಂದಿದೆಯೆಂದು ಕೆರೆದ ಸಿಲಿಂಡರಿಗೆ .455 ಹಾಕಿದರೆ ತೋಟೆ ಹಿಂದೆಮುಂದೆ ಆಡುತ್ತದೆ. ಸುತ್ತಿಗೆಯ ಮೊನೆ ಅರ್ಧ ತಾಗಿ ಕೆಲವು ಹಾರುವುದೇ ಇಲ್ಲ. ಹಾರಿದಾಗ ಕೇಪು ಹಿಂದಕ್ಕೆ ಎದ್ದು ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ.

ಮಾರ್ಪಾಟು ಅಲ್ಲದ್ದನ್ನು ಮಾರ್ಪಾಟು ಎಂದು ತಿಳಿಯುವ ತಪ್ಪೂ ಆಗುತ್ತದೆ. ಹಳೆಯ ವೆಬ್ಲಿಗಳ ಮೇಲೆ .455/.476 ಎಂದೋ .450/.455 ಎಂದೋ ಎರಡು ಬೋರ್ ಒಟ್ಟಿಗೆ ಇದ್ದರೆ ಗಾಬರಿ ಬೇಡ, ಕಾರ್ಖಾನೆಯೇ ಹಾಗೆ ಹೊಡೆದದ್ದು. ಆ ಗೂಡು ಒಂದಕ್ಕಿಂತ ಹೆಚ್ಚು ತೋಟೆಗೆ ಸಲ್ಲುತ್ತಿತ್ತು. ಆರನೇ ಮಾರ್ಕಿನ ಗೂಡಿನ ಮುಂದಿನ ಬಾಯಿ ನಳಿಗೆಯ ಬೋರಿಗಿಂತ ಕಿರಿದಾಗಿರುವುದೂ ಮೂಲದ್ದೇ. ಮೃದು ಸೀಸದ, ಬುಡ ಟೊಳ್ಳಾದ ಗುಂಡು ನಳಿಗೆಯಲ್ಲಿ ಹಿಗ್ಗಿ ಕೂರುತ್ತಿತ್ತು. ಬ್ರಿಟಿಷ್ ಸೈನ್ಯದ .38 ರಿವಾಲ್ವರ್ ಆದ ಎನ್‌ಫೀಲ್ಡ್ ನಂಬರ್ 2ರ ಸುತ್ತಿಗೆಗೆ ಹೆಬ್ಬೆರಳಿನ ಕೊಕ್ಕೆ ಇಲ್ಲದಿದ್ದರೆ ಅದೂ 1938ರಿಂದ ಸೈನ್ಯವೇ ಮಾಡಿದ ಬದಲಾವಣೆ. ಬೋರಿಗೂ ಅದಕ್ಕೂ ಸಂಬಂಧವಿಲ್ಲ.

ಎಲ್ಲಕ್ಕಿಂತ ಹೆಚ್ಚು ಗೊಂದಲ .38ರದ್ದು. ಸ್ಮಿತ್ ಆ್ಯಂಡ್ ವೆಸನ್ ಯುದ್ಧಕಾಲದಲ್ಲಿ ಮಾಡಿದ ವಿಕ್ಟರಿ ಮಾದರಿಯ ಕ್ರಮಸಂಖ್ಯೆಯ ಮುಂದೆ ವಿ ಅಕ್ಷರವಿರುತ್ತದೆ. ಬ್ರಿಟಿಷ್ ಪಡೆಗಳಿಗೆ ಹೋದದ್ದು ಹೆಚ್ಚಾಗಿ ಐದು ಅಂಗುಲ ನಳಿಗೆಯದು, ತೋಟೆ .38 ಎಸ್ ಆ್ಯಂಡ್ ಡಬ್ಲ್ಯು. ಸೈನ್ಯದ ಕಾಗದದಲ್ಲಿ ಇದನ್ನೇ .380 ಎನ್ನುತ್ತಾರೆ. ಅಮೆರಿಕದವರು ತಮಗಾಗಿ ಇಟ್ಟುಕೊಂಡದ್ದು ನಾಲ್ಕು ಅಂಗುಲದ್ದು, ತೋಟೆ .38 ಎಸ್ ಆ್ಯಂಡ್ ಡಬ್ಲ್ಯು ಸ್ಪೆಷಲ್. ನಳಿಗೆಯ ಬಲಬದಿಯ ಮುದ್ರೆಯಲ್ಲಿ ಇರುವ ವ್ಯತ್ಯಾಸ ಸ್ಪೆಷಲ್ ಎಂಬ ಒಂದು ಪದ ಮಾತ್ರ. ಕಾಗದಕ್ಕೆ ಇಳಿಯುವಾಗ ಎರಡೂ ಬರೀ .38 ಆಗಿಬಿಡುತ್ತವೆ. ತೋಟೆಗಳಾದರೋ ಅಣ್ಣತಮ್ಮಂದಿರೂ ಅಲ್ಲ. ಮೊದಲನೆಯದು ಗಿಡ್ಡ, ದಪ್ಪ: ತೋಟೆಯ ಹಿತ್ತಾಳೆ ಕೊಳವೆ 19.7 ಮಿ.ಮೀ. ಉದ್ದ, ಬುಡ 9.8 ಮಿ.ಮೀ. ಸ್ಪೆಷಲ್ ಉದ್ದ, ತೆಳು: 29.3 ಮಿ.ಮೀ. ಉದ್ದ, ಬುಡ 9.63 ಮಿ.ಮೀ. ಗುಂಡಿನಲ್ಲೂ ಅಷ್ಟೇ, ಗಿಡ್ಡದ್ದು .361 ಅಂಗುಲ, ಉದ್ದದ್ದು .358.

ಯುದ್ಧದ ನಂತರ ಬ್ರಿಟಿಷರಿಗೆ ಹೋಗಿದ್ದ ವಿಕ್ಟರಿಗಳ ಗೂಡನ್ನು ರೀಮರ್‌ನಿಂದ ಮುಂದಕ್ಕೆ ಕೊರೆದು ಸ್ಪೆಷಲ್ ಹಿಡಿಸುವಂತೆ ಮಾಡಿದರು. ಆದರೆ ಕೊರೆದು ಉದ್ದ ಮಾಡಬಹುದೇ ಹೊರತು ಹಿಂದಿನ ಅಗಲವನ್ನು ಕಿರಿದು ಮಾಡಲಾಗದು. ಹಾಗಾಗಿ ಗೂಡಿಗೆ ಎರಡು ಅಗಲ ಉಳಿಯುತ್ತದೆ: ಮೊದಲ 20 ಮಿ.ಮೀ. ದಪ್ಪ ತೋಟೆಯದು, ಅದರಾಚೆ ತೆಳು ತೋಟೆಯದು. ಸ್ಪೆಷಲ್ ಹಾರಿಸಿದಾಗ ಅದರ ಬುಡಕ್ಕೆ ಗೋಡೆಯ ಆಸರೆ ಸಿಗದೆ ಹಿತ್ತಾಳೆ ಉಬ್ಬುತ್ತದೆ, ಎಷ್ಟೋ ಸಲ ಉದ್ದಕ್ಕೆ ಸೀಳುತ್ತದೆ. ಸೀಳಿದಾಗ ಬಿಸಿ ಗಾಳಿ ಹಿಂದಕ್ಕೆ, ಹಿಡಿದವರ ಮುಖದತ್ತ ಬರುತ್ತದೆ.

ಪತ್ತೆಗೆ ಹಿತ್ತಾಳೆಯ ಎರಡು ಸರಳು ಸಾಕು. 9.75 ಮಿ.ಮೀ. ಸರಳು ಗೂಡಿನ ಹಿಂಬಾಯಲ್ಲಿ ಇಳಿಯದಿದ್ದರೆ ಅದು ಕಾರ್ಖಾನೆಯಲ್ಲೇ ಸ್ಪೆಷಲ್‌ಗೆಂದು ಮಾಡಿದ ಗೂಡು. ಇಳಿದರೆ ಮೂಲತಃ ಗಿಡ್ಡ .38ರದ್ದು. ಆಗ 9.60 ಸರಳನ್ನು ಬಿಡಬೇಕು. ಅದು ಸುಮಾರು 20 ಮಿ.ಮೀ.ಯಲ್ಲಿ ನಿಂತರೆ ಗೂಡನ್ನು ಯಾರೂ ಮುಟ್ಟಿಲ್ಲ, 29 ಮಿ.ಮೀ. ದಾಟಿ ಹೋದರೆ ಕೊರೆದದ್ದು. ಆರೂ ಗೂಡಿನಲ್ಲಿ ನೋಡಬೇಕು, ಕೈಕೆಲಸದಲ್ಲಿ ಒಂದೊಂದರ ಆಳ ಒಂದೊಂದು ಥರ ಇರುವುದೂ ಉಂಟು. ಟಾರ್ಚನ್ನು ಓರೆಯಾಗಿ ಹಿಡಿದರೆ 20 ಮಿ.ಮೀ. ಆಳದಲ್ಲಿ ಸಣ್ಣ ಬಳೆಯಂಥ ಮೆಟ್ಟಿಲು, ಅದರಾಚೆ ಹೊಸ ಹೊಳಪು ಕಾಣುತ್ತದೆ. ನಳಿಗೆಯನ್ನೂ ಮೋಟು ಮಾಡಿದ್ದರೆ ಮುಂದಿನ ಗುರಿಮಣಿಯನ್ನು ಬೆಸೆದ ಗುರುತು, ಬದಿಯ ಮುದ್ರೆ ನಳಿಗೆಯ ಮಧ್ಯಕ್ಕೆ ಬಾರದೆ ಒಂದು ಕಡೆ ಸರಿದಿರುವುದು ಇವೇ ಸಾಕ್ಷಿ. ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡುವುದನ್ನು ಆಯುಧ ಕಾಯ್ದೆಯ 6ನೇ ಕಲಂ ನಿಷೇಧಿಸುತ್ತದೆ ಎಂಬುದನ್ನೂ ಉತ್ತರಾಧಿಕಾರಿಗಳು ತಿಳಿದಿರಬೇಕು.

ಆಯುಧ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಹೊಡೆದ ಇಂಗ್ಲೆಂಡಿನ ಪರೀಕ್ಷಾ ಮುದ್ರೆಗಳು ಇಲ್ಲಿ ನೆರವಾಗುತ್ತವೆ. ಗಿಡ್ಡ .38ಕ್ಕೆ ಪರೀಕ್ಷಿಸಿದ ರಿವಾಲ್ವರಿನ ಮೇಲೆ .38ರ ಜೊತೆ .767 ಎಂಬ ಅಂಕಿ ಇರುತ್ತದೆ. ಅದು ಅಂಗುಲದಲ್ಲಿ ತೋಟೆಯ ಕೊಳವೆಯ ಉದ್ದ. ಮುದ್ರೆ .767 ಎನ್ನುತ್ತಿದ್ದು, ಸರಳು 29 ಮಿ.ಮೀ. ಹೋದರೆ, ಪರೀಕ್ಷೆ ಮುಗಿದ ಮೇಲೆ ಕೊರೆದಿದ್ದಾರೆ ಎಂದೇ ಅರ್ಥ. ಅಂಥ ಗೂಡಿಗೆ ಯಾರ ಖಾತರಿಯೂ ಇಲ್ಲ. ಇಂಗ್ಲೆಂಡಿನದಲ್ಲ ಎಂದು ಇಂಗ್ಲಿಷಿನಲ್ಲಿ ಹೊಡೆದ ಮುದ್ರೆ 1925ರಿಂದ 1955ರ ನಡುವಿನದು. ಮೊನೆಗೆ ಮೊನೆ ತಾಗಿಸಿದ ಎರಡು ಬಾಣದ ಗುರುತು ಸೈನ್ಯ ಮಾರಿದ ಮಾಲು ಎಂಬುದಕ್ಕೆ, ಬಾಣದ ಜೊತೆ ಐ ಅಕ್ಷರವಿದ್ದರೆ ಭಾರತದ ಸೈನ್ಯದ ಲೆಕ್ಕದಲ್ಲಿದ್ದದ್ದಕ್ಕೆ.

ಕೋಲ್ಟ್ ನ್ಯೂ ಸರ್ವಿಸ್ ರಿವಾಲ್ವರುಗಳನ್ನು ಬ್ರಿಟಿಷರು ಮೊದಲ ಮಹಾಯುದ್ಧಕ್ಕೆ .455 ಬೋರಿನಲ್ಲಿ ಕೊಂಡಿದ್ದರು, ನಳಿಗೆಯ ಮೇಲೆ 455 ಎಲಿ ಎಂದಿರುತ್ತದೆ. ಇವನ್ನು ನಂತರ .45 ಕೋಲ್ಟ್ ತೋಟೆಗೆ ಕೊರೆದದ್ದುಂಟು. ಎರಡರ ಬುಡದ ದಪ್ಪ ಒಂದೇ, 12.2 ಮಿ.ಮೀ. ಆದ್ದರಿಂದ ವ್ಯಾಸ ಅಳೆದು ಪ್ರಯೋಜನವಿಲ್ಲ, ಆಳವೇ ಹೇಳಬೇಕು. 12.00 ಸರಳು 20ರಿಂದ 22 ಮಿ.ಮೀ.ಯಲ್ಲಿ ನಿಂತರೆ ಮೂಲದ್ದು, 32 ಮಿ.ಮೀ. ದಾಟಿದರೆ ಕೊರೆದದ್ದು. ಚೌಕಟ್ಟು ಗಟ್ಟಿ, ಒತ್ತಡದ ವ್ಯತ್ಯಾಸವೂ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಈ ಮೂರರಲ್ಲಿ ಕಡಿಮೆ ಕೇಡಿನ ಮಾರ್ಪಾಟು ಇದೇ.

ನಳಿಗೆಯೇ ಬದಲಾಗಿದೆಯೇ ಎಂದು ತಿಳಿಯಲು ಒಳಗಿನ ತಿರುಚು ಗೆರೆ ಎಣಿಸಬೇಕು. ವೆಬ್ಲಿಗೆ ಏಳು, ಬಲಕ್ಕೆ ತಿರುಗುತ್ತವೆ. ಸ್ಮಿತ್ ಆ್ಯಂಡ್ ವೆಸನ್‌ಗೆ ಐದು, ಬಲಕ್ಕೆ. ಕೋಲ್ಟಿಗೆ ಆರು, ಎಡಕ್ಕೆ. ಲೆಕ್ಕ ತಪ್ಪಿದರೆ ಒಳಗೆ ಬೇರೆ ಕೊಳವೆ ಕೂರಿಸಿದ್ದಾರೆ ಅಥವಾ ನಳಿಗೆಯೇ ಬೇರೆಯದು. ಕೊಳವೆ ಕೂರಿಸಿದ್ದರೆ ನಳಿಗೆಯ ಬಾಯಲ್ಲಿ, ಸಿಲಿಂಡರಿನ ಹಿಂಬದಿಯಲ್ಲಿ ಕೂದಲೆಳೆಯಂಥ ದುಂಡು ಗೆರೆ ಕಾಣುತ್ತದೆ. ಒಂದು ಹನಿ ತೆಳು ಎಣ್ಣೆ ಹಚ್ಚಿ ಒರೆಸಿದರೆ ಗೆರೆಯೊಳಗೆ ಎಣ್ಣೆ ಉಳಿದು ಸ್ಪಷ್ಟವಾಗುತ್ತದೆ. ಐದು, ಏಳರಂಥ ಬೆಸ ಗೆರೆಯ ನಳಿಗೆಗೆ ವರ್ನಿಯರ್ ಹಾಕಿ ಬೋರ್ ಇಷ್ಟೇ ಎಂದು ಬರೆಯಬಾರದು. ಒಂದು ತಗ್ಗಿಗೆ ಎದುರಾಗಿ ಉಬ್ಬು ಬರುವುದರಿಂದ ಅಳತೆ ತಪ್ಪುತ್ತದೆ.

ಇನ್ನೂ ಹಳೆಯವು ಕೇಪಿನ ಕೋವಿಯ ಕಾಲದವು. ನಮ್ಮ ಕಡೆ ಕೇಪಿನ ಕೋವಿ, ತೋಟೆ ಕೋವಿ ಎಂಬ ಭೇದ ಎಲ್ಲರಿಗೂ ಗೊತ್ತು. ರಿವಾಲ್ವರಿನಲ್ಲೂ ಕೇಪಿನದನ್ನು ತೋಟೆಯದಾಗಿ ಮಾಡಿದ್ದಾರೆ. 1856ರ ಬೋಮಾಂಟ್ ಆಡಮ್ಸ್ ರಿವಾಲ್ವರುಗಳನ್ನು 1868ರಿಂದ .450 ತೋಟೆಗೆ ಬದಲಿಸಿದ್ದು ಬ್ರಿಟಿಷ್ ಸೈನ್ಯವೇ. ಕೋಲ್ಟ್ ಕಂಪನಿ 1871ರ ರಿಚರ್ಡ್ಸ್ ಪೇಟೆಂಟಿನಂತೆ ಸಿಲಿಂಡರಿನ ಹಿಂದೆ ಬಳೆ ಕೂರಿಸಿ ಬದಲಿಸಿತು. ಕೇಪು ಕೂರುತ್ತಿದ್ದ ಮೊಲೆಗಳು ಇಲ್ಲದಿರುವುದು, ಬಲಕ್ಕೆ ತೋಟೆ ತುಂಬುವ ಬಾಗಿಲು, ಗಜ ಇದ್ದ ತೂತಿಗೆ ಹೊಡೆದ ಬೆಣೆ ನೋಡಿದರೆ ತಿಳಿಯುತ್ತದೆ. ಇವು ಕರಿಮದ್ದಿನ ಕಾಲದ ಕಬ್ಬಿಣ. ಇವುಗಳ ಬೆಲೆ ಇತಿಹಾಸದಲ್ಲಿದೆ, ಹಾರಿಸುವ ಮಾತೇ ಬೇಡ. ಗೋವೆ ಪಕ್ಕದಲ್ಲೇ ಇರುವುದರಿಂದ ಪೋರ್ಚುಗೀಸರ 9.1 ಮಿ.ಮೀ. ಅಬಾದಿ ರಿವಾಲ್ವರನ್ನೂ ನೆನಪಿಡಬೇಕು. ತೋಟೆ ತುಂಬುವ ಬಾಗಿಲು ತೆರೆದೊಡನೆ ಸುತ್ತಿಗೆಯ ಸಂಪರ್ಕ ತಪ್ಪುವುದು ಅದರ ಒಂದು ಲಕ್ಷಣ. ಬಾಯಿ ನೋಡಿ .38 ಎಂದು ಬರೆದರೆ ತಪ್ಪು.

ಇಷ್ಟೆಲ್ಲ ಅಳೆಯಬೇಕಾದ ಕಾರಣ ಕಾನೂನಿನಲ್ಲೇ ಇದೆ. ಆಯುಧ ನಿಯಮಗಳ ಮೊದಲ ಅನುಸೂಚಿ ನಿಷೇಧಿತ ಬೋರನ್ನು ನಳಿಗೆಯ ಮುದ್ರೆಯಿಂದ ಗುರುತಿಸುವುದಿಲ್ಲ. ಸೈನ್ಯದ .380 ಅಥವಾ .455 ಅಂಚಿನ ತೋಟೆ, 9 ಮಿ.ಮೀ. ಅಥವಾ .45 ಅಂಚಿಲ್ಲದ ತೋಟೆ ಯಾವ ರಿವಾಲ್ವರಿನಲ್ಲಿ ಕೂತು ಹಾರುತ್ತದೋ ಅದು ನಿಷೇಧಿತ ಎನ್ನುತ್ತದೆ. ಅಂದರೆ ಕಾನೂನು ಕೇಳುವುದೂ ಗೂಡನ್ನೇ. ಸ್ಪೆಷಲ್‌ಗೆಂದು ಕೊರೆದ ವಿಕ್ಟರಿಯಲ್ಲಿ .380 ತೋಟೆ ಈಗಲೂ ಕೂರುತ್ತದೆ. ಕೊರೆದ ಮಾತ್ರಕ್ಕೆ ಅದು ವರ್ಗ ಬದಲಿಸಿಲ್ಲ. ಪುರಾತನ ವಸ್ತು, ಪರವಾನಗಿ ಬೇಡ ಎಂಬ ನಂಬಿಕೆಯೂ ಸರಿಯಲ್ಲ. ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಹಳೆಯ ಆಯುಧಕ್ಕೆ ಮಾತ್ರ. ಟ್ರಂಕಿನಲ್ಲಿ ಕಾಗದವಿಲ್ಲದ ರಿವಾಲ್ವರ್ ಸಿಕ್ಕರೆ ಅದನ್ನು ಹೊತ್ತು ತಿರುಗದೆ ಮೊದಲು ಠಾಣೆಗೆ ತಿಳಿಸಬೇಕು, ಅಳತೆಯೆಲ್ಲ ಆಮೇಲೆ.

ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಕಾಲದ ಪರವಾನಗಿಯ ಅಂಕಿಯೇ ನಕಲಿನಿಂದ ನಕಲಿಗೆ ಇಳಿದು ಬಂದಿದ್ದರೆ ಅದನ್ನು ತಿದ್ದಲು ಎರಡು ಸಂದರ್ಭ ಒದಗುತ್ತವೆ: ವಾರಸುದಾರರ ಹೆಸರಿಗೆ ಆಯುಧ ವರ್ಗವಾಗುವಾಗ, ಮತ್ತು ಠೇವಣಿಗೆಂದು ಅದು ಠಾಣೆಯ ಮೇಜಿನ ಮೇಲೆ ಬಂದಾಗ. ಆರ್ಮರರ್ ಸರಳು ಹಾಕಿ ಅಳೆಯಲು ಒಂದು ರಿವಾಲ್ವರಿಗೆ ಹದಿನೈದು ನಿಮಿಷ ಸಾಕು. ಜಿಲ್ಲಾಡಳಿತ ಇದನ್ನು ಕಡ್ಡಾಯ ಮಾಡಲಿ ಎಂದು ಕೋರುತ್ತೇನೆ. ಹಳೆಯ ಆಯುಧ ಇಟ್ಟಿರುವ ವಸ್ತುಸಂಗ್ರಹಾಲಯಗಳೂ ತಮ್ಮ ಫಲಕಗಳಿಗೆ ಇದೇ ಕ್ರಮ ಅನುಸರಿಸಲಿ. ಬೋರ್ ಎಂಬಲ್ಲಿ .38 ಎಂದಷ್ಟೇ ಗೀಚುವ ಬದಲು ಹೀಗೆ ಬರೆದರೆ ಮುಂದಿನವರಿಗೆ ಸಂಶಯ ಉಳಿಯುವುದಿಲ್ಲ: “ನಳಿಗೆಯ ಮುದ್ರೆ .38 ಎಸ್ ಆ್ಯಂಡ್ ಡಬ್ಲ್ಯು. ಪರೀಕ್ಷಾ ಮುದ್ರೆ .767. ಹಿಂಬಾಯಲ್ಲಿ 9.75 ಸರಳು ಇಳಿಯುತ್ತದೆ. 9.60 ಸರಳು ಆರೂ ಗೂಡಿನಲ್ಲಿ 29 ಮಿ.ಮೀ. ದಾಟುತ್ತದೆ. ಗೂಡಿನಲ್ಲಿ ಮೆಟ್ಟಿಲಿದೆ. ಸ್ಪೆಷಲ್‌ಗೆ ಕೊರೆದದ್ದು, ಹಾರಿಸಲು ಯೋಗ್ಯವಲ್ಲ.”

– ಹಳೆಯ ಆಯುಧಗಳ ಅಭ್ಯಾಸಿ, ಕಾರವಾರ